ಕೂತಲ್ಲೇ ಓಲಾಡಿಸುವ ವಿದ್ಯುತ್ತು

ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರೂ ಕುರ್ಚಿ ಯಾವ ಕಡೆಗೆ ತಿರುಗಿತೆಂಬುದು ನಮಗೆ ತಿಳಿಯುತ್ತದೆ. ಹೇಗೆ? ಅದನ್ನು ತಿಳಿಸುವ ಅಂಗ ಒಳಗಿವಿಯಲ್ಲಿದೆ. ಪಂಚೇಂದ್ರಿಯಗಳ ಪಟ್ಟಿಗೆ ಸೇರದ ಈ ಇಂದ್ರಿಯದ ಗುಟ್ಟನ್ನು ಬಿಡಿಸಲು ವಿದ್ಯುತ್ತೂ ನೆರವಾಯಿತು.

ವಿದ್ಯುತ್ ಕೋಶವನ್ನು ರೂಪಿಸಿದ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ, ಅದಕ್ಕೆ ಜೋಡಿಸಿದ ಲೋಹದ ಕಡ್ಡಿಗಳನ್ನು ತನ್ನ ಎರಡೂ ಕಿವಿಗಳಲ್ಲಿ ಇಟ್ಟುಕೊಂಡ. ತಲೆಯೊಳಗೆ ಆಘಾತವಾಯಿತು, ಬಳಿಕ ಏನೋ ಕೊತಕೊತ ಕುದಿಯುವಂಥ ಸದ್ದು ಕೇಳಿಸಿತು. 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಇದನ್ನು ವಿವರಿಸಿದ ಆತ, ಅಪಾಯಕ್ಕೆ ಅಂಜಿ ಪ್ರಯೋಗವನ್ನು ಮುಂದುವರಿಸಲಿಲ್ಲ. 1820ರ ಸುಮಾರಿಗೆ ಯಾನ್ ಪುರ್ಕಿನ್ಯೆ, ತಲೆಯ ಮೂಲಕ ವಿದ್ಯುತ್ ಹರಿಸಿದರೆ ತಲೆಸುತ್ತು ಬರುವುದನ್ನು ದಾಖಲಿಸಿದ.

ಇದಕ್ಕೆ ಕಾರಣ ಮಿದುಳೋ, ಕಿವಿಯೋ? ಅದೇ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರಾನ್ಸ್ ಪಾರಿವಾಳಗಳ ಒಳಗಿವಿಯ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿದಾಗ ಅವು ಸಮತೋಲ ಕಳೆದುಕೊಂಡವು. 1871ರಲ್ಲಿ ಜರ್ಮನಿಯ ಎಡ್ವರ್ಡ್ ಹಿಟ್ಸಿಗ್, ತಲೆಗೆ ವಿದ್ಯುತ್ ಹಾಯಿಸಿದಾಗ ಮನುಷ್ಯರ ಕಣ್ಣುಗುಡ್ಡೆಗಳೂ ತಾವಾಗಿ ಚಲಿಸುವುದನ್ನು ವಿವರಿಸಿದ. 1873-74ರಲ್ಲಿ ಮಾಖ್, ಬ್ರಾಯರ್ ಮತ್ತು ಕ್ರಮ್ ಬ್ರೌನ್ ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು: ತಲೆ ತಿರುಗಿದಾಗ ನಾಳಗಳಲ್ಲಿನ ದ್ರವ ಹಿಂದುಳಿಯುತ್ತದೆ, ಅದರ ಒತ್ತಡವೇ ಚಲನೆಯ ಸುದ್ದಿ.

ಈ ಸುದ್ದಿಯನ್ನು ವಿದ್ಯುತ್ತು ಸುಳ್ಳಾಗಿ ಸೃಷ್ಟಿಸುತ್ತದೆ. ಎರಡೂ ಕಿವಿಗಳ ಹಿಂದಿನ ಮೂಳೆಯ ಮೇಲೆ ಪಟ್ಟಿಗಳನ್ನಿಟ್ಟು ಸುಮಾರು ಒಂದು ಮಿಲಿ ಆಂಪಿಯರ್ ಹರಿಸಿದರೆ ಸಾಕು. ಋಣ ತುದಿಯ ಕಡೆ ನರದ ಚಟುವಟಿಕೆ ಹೆಚ್ಚುತ್ತದೆ, ಧನ ತುದಿಯ ಕಡೆ ತಗ್ಗುತ್ತದೆ. ಋಣದ ಕಡೆಗೆ ವಾಲುತ್ತಿದ್ದೇವೆಂದು ಮಿದುಳು ನಂಬುತ್ತದೆ. ಅದನ್ನು ಸರಿಪಡಿಸಲು ಹೋಗಿ, ನಿಂತವರ ದೇಹ ಧನದ ಕಡೆಗೆ ವಾಲುತ್ತದೆ.

2005ರಲ್ಲಿ ಜಪಾನಿನ ಎನ್‌ಟಿಟಿ ಸಂಶೋಧಕರು ನಡೆಯುವವರನ್ನು ಹೀಗೆಯೇ ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದರು. 2016ರಲ್ಲಿ ಸ್ಯಾಮ್‌ಸಂಗ್, ದೃಶ್ಯಕ್ಕೆ ತಕ್ಕಂತೆ ಚಲನೆಯ ಅನುಭವ ಕೊಡುವ ಪ್ರಾಯೋಗಿಕ ಹೆಡ್‌ಫೋನನ್ನು ಪ್ರದರ್ಶಿಸಿತು. ಆದರೆ ಚರ್ಮದ ಮೇಲಿಂದ ಹರಿಯುವ ವಿದ್ಯುತ್ತು ಸಮತೋಲದ ನರವನ್ನೆಲ್ಲ ಒಟ್ಟಿಗೆ ಕೆಣಕುತ್ತದೆ. ಒಂದೊಂದು ನಾಳದ ಸುದ್ದಿಯನ್ನು ಬಿಡಿಸಿ ಹೇಳಲಾರದು. ಆದ್ದರಿಂದ ವಾಲಿದ, ಓಲಾಡಿದ ಭ್ರಮೆ ಸುಲಭ. ನೈಜ ಪಯಣದ ಅನುಭವ ಕಷ್ಟ.

ಈ ವಿದ್ಯೆಯ ನಿಜವಾದ ಬೆಲೆ ಗೊತ್ತಿರುವುದು ಆಟಗಾರರಿಗಲ್ಲ, ಎರಡೂ ಒಳಗಿವಿಗಳ ಸಮತೋಲ ಕಳೆದುಕೊಂಡವರಿಗೆ. ಜೆಂಟಾಮೈಸಿನ್‌ನಂಥ ಔಷಧಿಯೂ ಅದಕ್ಕೆ ಕಾರಣವಾಗಬಹುದು. ಅಂಥವರಿಗೆ ಕತ್ತಲಲ್ಲಿ ನಾಲ್ಕು ಹೆಜ್ಜೆ ಇಡುವುದೂ ಸಾಹಸ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯರು ಎಂಟು ಮಂದಿಯ ಒಳಗಿವಿಯಲ್ಲಿ ಸಾಧನ ಅಳವಡಿಸಿ, ತಲೆಯ ಚಲನೆಯನ್ನು ಅಳೆದು ಪ್ರತಿ ನಾಳದ ನರಕ್ಕೂ ಪ್ರತ್ಯೇಕವಾಗಿ ಸಂಕೇತ ಕಳಿಸಿದರು. ಸಾಧನವಿಟ್ಟ ಕಿವಿಯ ಶ್ರವಣಶಕ್ತಿ ಕುಂದಿತಾದರೂ ನಿಲುವು, ನಡಿಗೆ ಸುಧಾರಿಸಿತೆಂದು 2021ರಲ್ಲಿ ವರದಿಯಾಯಿತು. ಮಿದುಳಿಗೆ ಸುಳ್ಳು ಹೇಳುತ್ತಿದ್ದ ವಿದ್ಯುತ್ತು ಇಲ್ಲಿ ನಿಜವನ್ನೇ ಹೇಳತೊಡಗಿತು.