ನದಿಯ ಪಾಲಿನ ನೆಲ

ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿ ನಾಸಿಕಕ್ಕಿಳಿಯುವ ಗೋದಾವರಿಯ ಪಾತ್ರದಲ್ಲಿ, ರಾಮಕುಂಡದ ಸಮೀಪ, ಎರಡು ಮುಖಗಳ ಮಾರುತಿಯೊಬ್ಬನು ನಿಂತಿದ್ದಾನೆ. ದುತೋಂಡ್ಯಾ ಮಾರುತಿಯೆಂದು ಅವನಿಗೆ ಹೆಸರು. ಮಳೆಗಾಲದಲ್ಲಿ ನೀರು ಅವನ ಮೊಣಕಾಲಿಗೆ ಬಂದಿತೇ, ಸೊಂಟಕ್ಕೇರಿತೇ, ಕೊರಳನ್ನು ಮುಟ್ಟಿತೇ ಎಂಬುದೇ ಊರವರ ಪ್ರವಾಹಮಾಪನ. ಒಂದು ದಡದ ಸರಾಫ ಬಜಾರಿನ ವರ್ತಕರು ಸರಕನ್ನು ಮೇಲಕ್ಕೆ ಸಾಗಿಸುವುದೂ ಈ ಲೆಕ್ಕವನ್ನು ನೋಡಿಯೇ. ಎದುರು ದಡದ ಪಂಚವಟಿಯಲ್ಲಿ, ನಾರೋಶಂಕರ ರಾಜೇಬಹಾದ್ದೂರನು 1747ರಲ್ಲಿ ಕಟ್ಟಿಸಿದ ರಾಮೇಶ್ವರ ದೇಗುಲದಲ್ಲಿ, ವಸಯಿಯ ಕೋಟೆಯನ್ನು ಮರಾಠರು 1739ರಲ್ಲಿ ಪೋರ್ತುಗೀಜರಿಂದ ಗೆದ್ದುದರ ಸ್ಮಾರಕವಾಗಿ ತೂಗುಬಿಟ್ಟ ಘಂಟೆಯಿದೆ. ನೀರು ಅದಕ್ಕೆ ತಾಗಿತೆಂದರೆ ಅದು ಮಹಾಪೂರವೇ ಸರಿ.

ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದೆಂಬ ಲಿಖಿತ ನಿಯಮ ಹುಟ್ಟುವುದಕ್ಕೆ ಬಹುಕಾಲ ಮೊದಲೇ ಇಲ್ಲಿ ಆಚಾರರೂಪದ ನಿಯಮವೊಂದಿದ್ದಿತೆಂದು ನಾನು ನಂಬುತ್ತೇನೆ. ನೀರು ವರ್ಷವರ್ಷವೂ ಏರಿಬರುವ ತಗ್ಗನ್ನು ಸೋಪಾನಕ್ಕೆ, ಕಲ್ಲಿನ ಗುಡಿಗೆ, ವಾರದ ಸಂತೆಗೆ ಬಿಟ್ಟುಕೊಟ್ಟುದರಿಂದ, ಮುಳುಗಿದರೂ ನಾಶವಾಗದ ವಸ್ತುಗಳು ಮಾತ್ರ ನದಿಯ ಪಾಲಿಗೆ ಉಳಿದವು. ಆದರೆ ಏರಿನಲ್ಲಿಯೂ ಅಪಾಯವಿಲ್ಲದಿಲ್ಲ. 1950-51ರಲ್ಲಿ ಪುರಾತತ್ತ್ವಜ್ಞರಾದ ಸಾಂಕಲಿಯಾ ಮತ್ತು ದೇವ್ ಅವರು ಉತ್ಖನನ ನಡೆಸಿದ ನಾಸಿಕದ ಮಣ್ಣಿನ ಗಢಿ ಸಾವಿರಾರು ವರ್ಷಗಳ ಜನವಸತಿಯ ಮಣ್ಣು, ಬೂದಿ, ಬೋಕಿಗಳೇ ಪದರಪದರವಾಗಿ ಕೂತು ಬೆಳೆದ ದಿಬ್ಬ. ಬಂಡೆಯ ಬಿಗಿ ಇಲ್ಲದ ಆ ದಿಬ್ಬದ ಅಂಚಿನಲ್ಲಿ ಮನೆಮಾಡಿಕೊಂಡ ಬಡವರು ಪ್ರತಿ ಮಳೆಗಾಲದಲ್ಲಿಯೂ ಕಾಲಕೆಳಗಿನ ಮಣ್ಣು ಜರಿಯುವುದನ್ನು ಕಾಣುತ್ತಿದ್ದಾರೆ. ಬೇರೆಡೆ ನೆಲ ಕೊಡದೆ ಅವರನ್ನು ಎಬ್ಬಿಸುವ ನಿಯಮವನ್ನು ನಾನು ನಿಯಮವೆಂದು ಕರೆಯಲಾರೆ.

ನದಿಗೆ ನೆಲ ಬಿಡುವ ವಿಚಾರದಲ್ಲಿ ನೆನಪಾಗುವ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ 1884ರಲ್ಲಿ ವೃತ್ತಿಜೀವನವನ್ನು ಆರಂಭಿಸಿದ್ದು ಈ ನಾಸಿಕದಲ್ಲಿಯೇ ಎಂಬುದು ಕನ್ನಡಿಗರಿಗೆ ಸ್ಮರಣೀಯ. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿಹಾಕಿದ ತರುವಾಯ ನಿಜಾಮ ಸರ್ಕಾರವು ಅವರನ್ನು ಕರೆಸಿಕೊಂಡಾಗ, ಅವರು ನಗರದ ಮೇಲ್ಗಡೆ ಜಲಾಶಯಗಳನ್ನೂ ನಗರದೊಳಗೆ ದಂಡೆಗುಂಟ ಉದ್ಯಾನಗಳನ್ನೂ ಸೂಚಿಸಿದರು. ಮಹಾರಾಷ್ಟ್ರದ ಇಂದಿನ ನಿಯಮವೂ ದಂಡೆಯನ್ನು ತೋಟಕ್ಕೆ ಬಿಡುವ ಈ ಮಾತನ್ನೇ ಹೇಳುತ್ತದೆ: ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪೂರಕ್ಕೆ ನೀಲಿ ಗೆರೆ, ನೂರು ವರ್ಷಕ್ಕೊಮ್ಮೆ ಬರಬಹುದಾದುದಕ್ಕೆ ಕೆಂಪು ಗೆರೆ, ನೀಲಿಯ ಒಳಗಣ ನೆಲ ತೋಟಕ್ಕೂ ಆಟದ ಬಯಲಿಗೂ ಮೀಸಲು, ಎರಡರ ನಡುವೆ ಕಟ್ಟುವವನು ಕೆಂಪು ಗೆರೆಗಿಂತ ಎತ್ತರದ ತಳಪಾಯದ ಮೇಲೆ ಕಟ್ಟಬೇಕು. ಐದಕ್ಕೆ ಒಂದರಂತೆ ಏರುವ ಗುಡ್ಡದ ಇಳಿಜಾರಿನಲ್ಲಿ ಕಟ್ಟುವುದೂ ನಿಷಿದ್ಧ. ಗಂಗಾಪುರದ ಅಣೆಕಟ್ಟು ಮೇಲ್ಗಡೆ ನಿಂತ ಮೇಲೆಯೂ 1969ರಲ್ಲಿ, ಮತ್ತೆ 2008ರ ಸೆಪ್ಟೆಂಬರಿನಲ್ಲಿ ನಾಸಿಕವು ಮುಳುಗಿತೆಂಬುದನ್ನು ನೆನೆದರೆ, ಈ ಗೆರೆಗಳು ಅತಿಯಾದುವೆಂದು ಯಾರೂ ಹೇಳಲಾರರು. ಅವು ನಕಾಶೆಯಲ್ಲಷ್ಟೇ ಇರದೆ ಗಲ್ಲಿಗಲ್ಲಿಯ ಗೋಡೆಗಳ ಮೇಲೆ ಮೂಡಬೇಕೆಂಬುದು ನನ್ನ ಆಸೆ. ಮಾರುತಿಯ ಮಾತಿಗೆ ಬೆಲೆ ಬಂದುದು ಅವನು ಎಲ್ಲರ ಕಣ್ಣಿಗೆ ಕಾಣುವನೆಂಬುದರಿಂದ.

ನಾಸಿಕದಲ್ಲಿ ನದಿ ಕಣ್ಣೆದುರಿಗಿದೆ; ಮಹಾರಾಷ್ಟ್ರದ ಇನ್ನೊಂದು ನಗರವಾದ ಛತ್ರಪತಿ ಸಂಭಾಜಿನಗರದಲ್ಲಿಯಾದರೋ ನೀರಿನ ಹಾದಿ ಕಾಣುವುದೇ ಇಲ್ಲ. ಅಹಮದನಗರದ ನಿಜಾಮಶಾಹಿಯ ಮಂತ್ರಿ, ಅಬಿಸೀನಿಯದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರನು 1610ರಲ್ಲಿ ಖಡ್ಕಿಯೆಂಬ ಹೆಸರಿನಿಂದ ಈ ಪಟ್ಟಣವನ್ನು ನೆಲೆಗೊಳಿಸಿ, ಶಿಥಿಲವಾದ ಕಪ್ಪುಶಿಲೆಯ ಬಿರುಕುಗಳಲ್ಲಿ ಇಂಗಿದ ಗುಡ್ಡದ ನೀರನ್ನು ನೆಲದಡಿಯ ಸುರಂಗಗಳಲ್ಲಿ ಕೂಡಿಸಿ, ಇಳಿಜಾರಿನ ಬಲವೊಂದರಿಂದಲೇ ಊರಿಗೆ ಹರಿಸಿದನು. ಅದೇ ಪದ್ಧತಿಯ ಮತ್ತೊಂದು ನಹರಿನ, ಎಂದರೆ ಸುರಂಗಕಾಲುವೆಯ, ನೀರು ಅಲ್ಲಿಯ ಖಾಮ್ ನದಿಯ ದಂಡೆಯ ಪನಚಕ್ಕಿಯೆಂಬ ನೀರಿನ ಗಿರಣಿಯಲ್ಲಿ ಎತ್ತರದಿಂದ ಧುಮುಕಿ, ಅಲ್ಲಿನ ದರ್ಗಾಕ್ಕೆ ಬಂದವರ ಅನ್ನಕ್ಕಾಗಿ ಹಿಟ್ಟನ್ನು ಬೀಸುತ್ತಿತ್ತು. ಈಗ ಆ ಸುರಂಗಗಳ ಮೇಲೆಯೇ ಮನೆಗಳೆದ್ದಿವೆ. ಒಂದೆಡೆ ಅಡಿಪಾಯ ತೋಡಿ ಸುರಂಗ ಕುಸಿದರೆ ಅಲ್ಲಿಂದ ಕೆಳಗಣ ಬೀದಿಗಳಿಗೆಲ್ಲ ನೀರು ನಿಲ್ಲುವುದಲ್ಲದೆ, ನಿಂತ ನೀರು ಮೇಲಣ ಮನೆಯ ಬುಡವನ್ನೇ ಸಡಿಲಿಸೀತು. ನದಿಯ ಗೆರೆಗಳಂತೆ ನಹರಿನ ಮಾರ್ಗಕ್ಕೂ ನಕಾಶೆಯಲ್ಲಿ ಗೆರೆಯೆಳೆದು, ಅದನ್ನು ನೋಡದೆ ಯಾವ ಕಟ್ಟಡಕ್ಕೂ ಪರವಾನಿಗೆ ಕೊಡಕೂಡದು.