ಖಾರಿಟಿಯಾನ್ ಪ್ರಹಸನ ಮತ್ತು ಬನವಾಸಿ: ಸಾಕ್ಷ್ಯದ ಬಲಾಬಲ

ಪ್ರಾಚೀನ ಈಜಿಪ್ಟಿನ ಹಿನ್ನೆಲೆಯಲ್ಲಿ ಸಾಹಸ ಕಾದಂಬರಿ ಬರೆಯಬಯಸುವ ಕನ್ನಡಿಗನಿಗೆ ಆ ನೆಲದಲ್ಲೇ ಒಂದು ಕಥೆ ಸಿಕ್ಕಿದೆ. ಆಕ್ಸಿರಿಂಕಸ್‌ನ ಕಸದ ದಿಬ್ಬಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದ 413ನೆಯ ಪಪೈರಸ್ಸಿನ ಗ್ರೀಕ್ ಪ್ರಹಸನ ಅದು, ಬರಹ ಕ್ರಿ.ಶ. 2ನೆಯ ಶತಮಾನದ್ದು. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಯುವತಿ ಖಾರಿಟಿಯಾನ್, ಅವಳನ್ನು ಬಿಡಿಸಲು ಹಡಗೇರಿ ಬಂದ ಸೋದರ, ನೀರು ಬೆರೆಸದ ಮದ್ಯ ಕುಡಿದು ಮೈಮರೆತ ದೊರೆ: ಸಾಹಸಕ್ಕೆ ಬೇಕಾದುದೆಲ್ಲ ಅದರಲ್ಲಿದೆ.

ದೊರೆಯ ಕಡೆಯವರು ಆಡುವ ಗ್ರೀಕಲ್ಲದ ಮಾತು ಕನ್ನಡವೆಂದು 1904ರಲ್ಲಿ ವಿದ್ವಾಂಸ ಹುಲ್ಷ್ ವಾದಿಸಿದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಅದನ್ನು ಕೈಗೆತ್ತಿಕೊಂಡರು. 1926ರಲ್ಲಿ ಬಾರ್ನೆಟ್ ಅಲ್ಲಗಳೆದರು. ತುಳು ಎಂದವರೂ ಉಂಟು. ಒಂದೇ ಪದವನ್ನು ಹಿಡಿದು ನೋಡೋಣ. ‘ಬೇರೆ’ ಎಂದು ಓದಲಾದ ಪದದ ಮೊದಲ ಸ್ವರ ಪಪೈರಸ್ಸಿನಲ್ಲಿ ಹ್ರಸ್ವ, ಕೊನೆಯದು ದೀರ್ಘ. ಕನ್ನಡದಲ್ಲಿ ಇದು ತಲೆಕೆಳಗು. ಹಳಗನ್ನಡದ ‘ಬೇಱೆ’ಯ ಱಕಾರಕ್ಕೆ ಗ್ರೀಕಿನಲ್ಲಿ ಅಕ್ಷರವೇ ಇಲ್ಲ. ಈಜಿಪ್ಟಿನ ಲಿಪಿಕಾರ ತನಗೆ ತಿಳಿಯದ ನುಡಿಯನ್ನು ತಪ್ಪಾಗಿ ಬರೆದಿರಬಹುದು, ನಿಜ. ಆದರೆ ಪದಗಳ ನಡುವೆ ತೆರಪಿಲ್ಲದ ಬರಹವನ್ನು ಬೇಕಾದಂತೆ ಒಡೆಯಬಹುದು. ಹೋಲಿಸಲು ಆ ಕಾಲದ ಕನ್ನಡವೂ ಇಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯದೇ ಸುಮಾರು 450ರದು. ಕನ್ನಡದ ಮೇಲಿನ ಪ್ರೀತಿಯಿಂದಲೇ ಹೇಳುತ್ತೇನೆ, ಈ ವಾದ ಸಿದ್ಧವಾಗಿಲ್ಲ.

ಈಜಿಪ್ಟಿಗೆ ಕನ್ನಡ ನಾಡು ಗೊತ್ತಿತ್ತೆನ್ನಲು ಬನವಾಸಿಯ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಪಪೈರಸ್ಸಿನ ಶತಮಾನದಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಟಾಲೆಮಿ ರಚಿಸಿದ ಭೂಗೋಳ ಗ್ರಂಥದಲ್ಲಿ ಬನವಾಸಿಯ ಹೆಸರಿದೆ. ಮುಂಡಗೋಡಿನ ಪಕ್ಕದ ಶಿರಸಿ ತಾಲ್ಲೂಕಿನ ಊರು ಇದು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ದಾಂಡೇಲಿಯ ಮೇಲೆ ಹಾದು ಕಾರವಾರದಲ್ಲಿ ಕಡಲು ಸೇರುವ ಕಾಳಿಯ ಮುಖದಲ್ಲೇ ಖಾರಿಟಿಯಾನಳ ಹಡಗು ನಿಂತಿತ್ತೆಂದು ಕಾದಂಬರಿಕಾರ ಕಲ್ಪಿಸಿಕೊಳ್ಳಲಿ, ಅಡ್ಡಿಯಿಲ್ಲ; ಇತಿಹಾಸಕಾರ ಹಾಗೆ ಬರೆಯುವಂತಿಲ್ಲ. ಹಳಿಯಾಳ, ಮುಂಡಗೋಡ, ಜೋಯಿಡಾಗಳ ಸಿದ್ದಿಗಳನ್ನು ಈ ಕಥೆಗೆ ಎಳೆಯುವುದಂತೂ ತಪ್ಪು. ಅವರ ಪೂರ್ವಿಕರನ್ನು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದ ಪೋರ್ಚುಗೀಸರ ಕಾಲ ಇದಕ್ಕಿಂತ ಸಾವಿರ ವರ್ಷಕ್ಕೂ ಈಚಿನದು. ಆ ನೋವಿನ ಚರಿತ್ರೆಯನ್ನು ರಮ್ಯಕಥೆಯಲ್ಲಿ ಮುಚ್ಚಬಾರದು.

ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯಿದೆ. ರಾಜಕುಮಾರಿ ಶಿವಸ್ಕಂದನಾಗಶ್ರೀ ನಾಗ, ಕೆರೆ, ವಿಹಾರಗಳನ್ನು ಮಾಡಿಸಿದಳೆಂದೂ ಶಿಲ್ಪಿಯ ಹೆಸರು ನಟಕನೆಂದೂ ಅದರ ಬ್ರಾಹ್ಮೀ ಬರಹ ಹೇಳುತ್ತದೆ. ಭಾಷೆ ಪ್ರಾಕೃತ. ಆ ಕಾಲವನ್ನು ಬರೆಯುವ ಕಾದಂಬರಿಯಲ್ಲಿ ದೊರೆ ಕನ್ನಡವಾಡಲಿ. ಅವನ ಶಾಸನ ಮಾತ್ರ ಪ್ರಾಕೃತದಲ್ಲೇ ಇರಬೇಕು.