ಜ್ಞಾನಸ್ನಾನದ ಪುಸ್ತಕವೂ ಕಡಲಾಚೆಯ ಕುಟುಂಬವೂ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಗೋಪುರ, ಗಂಟೆ, ಬಲಿಪೀಠಗಳ ಚರಿತ್ರೆಯನ್ನು ಸ್ಮರಿಸುವುದು ಸಹಜವೇ ಸರಿ. ಆದರೆ ಗುರುನಿವಾಸದ ಕಪಾಟಿನಲ್ಲಿ ಮೌನವಾಗಿ ಕುಳಿತಿರುವ ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆ ಪುಸ್ತಕಗಳಿಗೂ ಒಂದು ಚರಿತ್ರೆಯುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಿಂದ ಮಗನೋ ಮಗಳೋ ವಿದೇಶಕ್ಕೆ ತೆರಳಿ ನೆಲೆನಿಂತು, ಪತಿ, ಪತ್ನಿ ಅಥವಾ ಹೆತ್ತವರನ್ನು ಅಲ್ಲಿಗೆ ಕರೆಸಿಕೊಳ್ಳಬಯಸಿದಾಗ ಆ ಪುಸ್ತಕಗಳೇ ಸಾಕ್ಷಿ ನುಡಿಯಬೇಕಾಗುತ್ತದೆ.

ಇಂತಹ ಪುಸ್ತಕಗಳನ್ನು ಪ್ರತಿ ಧರ್ಮಕೇಂದ್ರವೂ ಇಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ದಂಪತಿಗಳ ಹೆಸರು, ಸಾಕ್ಷಿಗಳ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು ಅವುಗಳಲ್ಲಿ ಸೇರಬೇಕಾಯಿತು. ವಿವಾಹ ಎಲ್ಲಿಯೇ ನಡೆದರೂ ಅದನ್ನು ಜ್ಞಾನಸ್ನಾನದ ಪುಸ್ತಕದಲ್ಲಿ ನಮೂದಿಸಬೇಕೆಂಬ ನಿಯಮ 1907ರಲ್ಲಿ ಬಂದಿತು. ಭಾರತದಲ್ಲಿ 1872ರ ಕ್ರೈಸ್ತ ವಿವಾಹ ಕಾಯಿದೆಯು, ಕಥೋಲಿಕ ಗುರುಗಳು ನಡೆಸಿದ ವಿವಾಹಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಸರ್ಕಾರದ ರಿಜಿಸ್ಟ್ರಾರ್ ಜನರಲ್‌ಗೆ ಕಳುಹಿಸಬೇಕೆಂದು ಗೊತ್ತುಪಡಿಸಿತು.

ಆದರೆ ಸಂಬಂಧವನ್ನು ರುಜುವಾತುಪಡಿಸಿದ ಮಾತ್ರಕ್ಕೆ ವಿದೇಶದ ಬಾಗಿಲು ತೆರೆಯುವಂತಹ ಕಾಲ ಅಂದು ಇರಲಿಲ್ಲ. ಅಮೆರಿಕವು 1917ರ ಕಾನೂನಿನಿಂದ ಭಾರತೀಯರ ವಲಸೆಯನ್ನೇ ತಡೆಯಿತು. ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಕೆನಡಾ ದೇಶವು 1908ರಿಂದಲೇ ಭಾರತೀಯರಿಗೆ ಅಡ್ಡಿಯೊಡ್ಡಿ, ಅಲ್ಲಿ ನೆಲೆಸಿದ್ದವರ ಪತ್ನಿ ಮತ್ತು ಚಿಕ್ಕ ಮಕ್ಕಳಿಗೆ 1919ರಲ್ಲಷ್ಟೇ ಅನುಮತಿಯಿತ್ತಿತು. ಪಂಜಾಬದಿಂದ ಹೋದ ಎಷ್ಟೋ ಕೂಲಿಕಾರರು ದೀರ್ಘಕಾಲ ಸಂಸಾರದ ಮುಖ ಕಾಣದೆ ದುಡಿದರು.

ಅಮೆರಿಕವು 1946ರಲ್ಲಿ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ ಪ್ರವೇಶವಿತ್ತು, ಪೌರತ್ವದ ಹಕ್ಕನ್ನೂ ನೀಡಿತು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಅವರು ಸಹಿ ಮಾಡಿದ ಕಾನೂನು ಕುಟುಂಬಗಳ ಪುನರ್ಮಿಲನಕ್ಕೆ ಪ್ರಾಶಸ್ತ್ಯ ನೀಡಿತು. ಪೌರರ ಪತಿ ಪತ್ನಿಯರಿಗೂ ಚಿಕ್ಕ ಮಕ್ಕಳಿಗೂ ತಂದೆತಾಯಿಯರಿಗೂ ಸಂಖ್ಯೆಯ ಮಿತಿಯಿಲ್ಲ. ಒಡಹುಟ್ಟಿದವರಾದರೋ ಸರದಿಗಾಗಿ ಹದಿನೈದು ವರ್ಷಕ್ಕೂ ಮೀರಿ ಕಾಯಬೇಕಾಗಿದೆ. ಜ್ಞಾನತಂದೆಯು ಮಗುವಿನ ವಿಶ್ವಾಸಕ್ಕೆ ಹೊಣೆ ನಿಲ್ಲುವಂತೆ, ಕರೆಸಿಕೊಳ್ಳುವವರು ಬರುವವರ ಜೀವನೋಪಾಯಕ್ಕೆ ಹೊಣೆ ನಿಲ್ಲಬೇಕು. 1997ರಿಂದ ಈ ಹೊಣೆಪತ್ರವು ನ್ಯಾಯಾಲಯದಲ್ಲಿ ಜಾರಿ ಮಾಡಬಹುದಾದ ಕರಾರಾಗಿದೆ.

ನಮ್ಮ ಸೀಮೆಯವರಿಗೆ ತೊಡಕು ಬರುವುದು ಹೆಸರಿನಲ್ಲಿ ಮತ್ತು ಊರಿನಲ್ಲಿ. ಹಳೆಯ ಪುಸ್ತಕಗಳಲ್ಲಿ ಗುರುಗಳು ಲತೀನ್ ಭಾಷೆಯಲ್ಲಿ ಪೆತ್ರುಸ್ ಎಂದು ಬರೆದ ಮಗು ಮನೆಯಲ್ಲಿಯೂ ಶಾಲೆಯಲ್ಲಿಯೂ ರಾಯಪ್ಪನಾಗಿ ಬೆಳೆದು, ಪಾಸ್‌ಪೋರ್ಟಿನಲ್ಲಿ ಪೀಟರ್ ಆಗಿರಬಹುದು. ಪೌಲುಸ್ ಚಿನ್ನಪ್ಪನಾಗಿ, ಯೊವಾನ್ನೆಸ್ ಅರುಳಪ್ಪನಾಗಿ ಬಾಳುವುದು ನಮಗೆ ಸಹಜ. ಪರದೇಶದ ಅಧಿಕಾರಿಗೆ ಅವರು ಬೇರೆ ಬೇರೆ ವ್ಯಕ್ತಿಗಳು. ಊರಿನ ಕಥೆಯೂ ಹಾಗೆಯೇ. 1950ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರ ಜನ್ಮಸ್ಥಳ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. 1997ರಲ್ಲಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಮನುಷ್ಯನು ಹುಟ್ಟಿದ ಮನೆಯಿಂದ ಕದಲದಿದ್ದರೂ ಕಾಗದದಲ್ಲಿ ಅವನ ಊರು ಸಂಚರಿಸುತ್ತಲೇ ಇದೆ.

ಜನನ ಮರಣ ನೋಂದಣಿಯ ಈಗಿನ ಕಾಯಿದೆ ಬಹುಪಾಲು ರಾಜ್ಯಗಳಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೆ ಹಿಂದೆ ಹುಟ್ಟಿದ ಅನೇಕ ಹಿರಿಯರಿಗೆ ಸರ್ಕಾರದ ಜನನ ಪತ್ರವಿಲ್ಲ. ಅಂತಹವರಿಗೆ, ಹುಟ್ಟಿದ ಎರಡು ತಿಂಗಳೊಳಗೆ ನೀಡಿದ ಜ್ಞಾನಸ್ನಾನದ ಪತ್ರವು ದೇವಾಲಯದ ಮುದ್ರೆಯೊಂದಿಗೆ, ಜನನ ದಿನ ಮತ್ತು ತಂದೆತಾಯಿಯರ ಹೆಸರಿನೊಂದಿಗೆ ಇದ್ದರೆ, ಅಮೆರಿಕದ ವಲಸೆ ಇಲಾಖೆ ಅದನ್ನು ಪೂರಕ ಸಾಕ್ಷ್ಯವಾಗಿ ಪರಿಗಣಿಸುತ್ತದೆ. ಹಸುಗೂಸನ್ನು ತಡಮಾಡದೆ ದೇವಾಲಯಕ್ಕೆ ಕರೆತಂದ ಅಜ್ಜಿಯರ ಭಕ್ತಿ ಹೀಗೂ ಫಲ ನೀಡಿದೆ.

ಆದುದರಿಂದ ದಿನಾಂಕವನ್ನೋ ಹೆಸರನ್ನೋ ಅನುಕೂಲಕ್ಕೆ ತಕ್ಕಂತೆ ಬರೆದುಕೊಡಿರೆಂದು ಗುರುಗಳನ್ನು ಒತ್ತಾಯಿಸುವುದು ಸಲ್ಲದು. ಸುಳ್ಳು ದಾಖಲೆ ಒಪ್ಪಿಸಿದವರಿಗೆ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಅದಕ್ಕಿಂತ ಮಿಗಿಲಾಗಿ, ಪುಸ್ತಕದ ಒಂದು ಪುಟ ಸುಳ್ಳಾದರೆ ಉಳಿದ ಪುಟಗಳ ಮಾತಿಗೂ ಬೆಲೆ ತಗ್ಗುವುದು. ಒಬ್ಬರ ಅನುಕೂಲಕ್ಕೆ ನೂರು ಕುಟುಂಬಗಳ ಸಾಕ್ಷಿ ಬಲಿಯಾಗುವುದು. ಹೆಸರಿನಲ್ಲಿ ವ್ಯತ್ಯಾಸವಿದ್ದವರು ಅಗತ್ಯ ಬೀಳುವ ಮುನ್ನವೇ ಬಂದು ವಿಚಾರಿಸಿ, ಸಕ್ರಮ ಮಾರ್ಗದಿಂದ ಸರಿಪಡಿಸಿಕೊಳ್ಳುವುದು ಲೇಸು.

ಬಾಲಯೇಸುವನ್ನು ಎತ್ತಿಕೊಂಡು ಸಂತ ಜೋಸೆಫರೂ ಮಾತೆ ಮರಿಯಮ್ಮನವರೂ ಈಜಿಪ್ಟಿಗೆ ಹೋದುದನ್ನು ಸಂತ ಮತ್ತಾಯನ ಶುಭಸಂದೇಶವು ಹೇಳುತ್ತದೆ. ಆ ಪವಿತ್ರ ಕುಟುಂಬವನ್ನು ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು 1952ರಲ್ಲಿ ವಲಸಿಗ ಕುಟುಂಬಗಳೆಲ್ಲಕ್ಕೂ ಆದರ್ಶವೆಂದು ಸಾರಿದರು. ವಲಸೆ ಹೋದವರಿಗೆ ಆದಷ್ಟು ಬೇಗ ತಮ್ಮ ಕುಟುಂಬವನ್ನು ಕೂಡಿಕೊಳ್ಳುವ ಹಕ್ಕಿದೆಯೆಂದು 1983ರಲ್ಲಿ ಹೊರಬಂದ ಕುಟುಂಬದ ಹಕ್ಕುಗಳ ಸನ್ನದು ಘೋಷಿಸಿತು. ಆ ಹಕ್ಕಿಗೆ ನಮ್ಮ ಧರ್ಮಕೇಂದ್ರವು ನೀಡಬಲ್ಲ ಕಾಣಿಕೆಯೆಂದರೆ ಸತ್ಯವಾಗಿ ಬರೆದು ಜೋಪಾನವಾಗಿ ಕಾಯ್ದ ದಾಖಲೆ. ಮುಂದಿನ ನೂರು ವರ್ಷವೂ ಈ ಪುಸ್ತಕಗಳು ಅಗಲಿದವರನ್ನು ಒಂದುಗೂಡಿಸುವ ಸಾಕ್ಷಿಗಳಾಗಿ ಉಳಿಯಲೆಂದು ಪವಿತ್ರ ಕುಟುಂಬದ ಪಾದಗಳಲ್ಲಿ ಪ್ರಾರ್ಥಿಸೋಣ.